ಚಿಟ್ಟೆ ಮಸುಕಾಗಿ ಬಂತಾ? ಲೆನ್ಸ್ ಬದಲಿಸುವ ಮೊದಲು ಇಷ್ಟು ನೋಡಿ

ಚಿಟ್ಟೆ, ಹಕ್ಕಿ, ಹೂವುಗಳ ಫೋಟೊ ತೆಗೆಯುವ ನಮ್ಮ ಭಾನುವಾರದ ಗುಂಪಿನಲ್ಲಿ ಡೊಂಬಿವಲಿಯ ಅಕ್ಕ ಒಬ್ಬರಿದ್ದಾರೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯ ಬೋರಿವಲಿಯ ಕಾಡಿಗೆ ಹೋಗಿ ಬಂದವರು ರಾತ್ರಿ ಫೋನ್ ಮಾಡಿದರು. ‘ತಮ್ಮಾ, ಇನ್ನೂರು ಫೋಟೊ ತೆಗೆದೆ ನೋಡು, ಒಂದೂ ಸರಿ ಬಂದಿಲ್ಲ. ಎಲ್ಲ ಮಸುಕು. ಲೆನ್ಸ್ ಹಾಳಾಯ್ತಾ? ಹೊಸತು ತಗೊಳ್ಳಲಾ?’

‘ಅಕ್ಕಾ, ಈಗಲೇ ದುಡ್ಡು ಬಿಚ್ಚಬೇಡಿ. ಆ ಇನ್ನೂರು ಫೋಟೊ ಹಾಗೇ ಇರಲಿ, ಒಂದನ್ನೂ ಅಳಿಸಬೇಡಿ. ನಾನು ಬರ್ತೇನೆ’ ಅಂದೆ.

ಅಳಿಸಬೇಡಿ ಅಂದದ್ದು ಸುಮ್ನೆ ಅಲ್ಲ. ಕೆಟ್ಟ ಫೋಟೊ ಯಾಕೆ ಕೆಟ್ಟಿತು ಅನ್ನುವ ಗುರುತು ಆ ಫೋಟೊದಲ್ಲೇ ಇರುತ್ತದೆ. ಕೈ ಅಲುಗಿದ ಮಸುಕು ಬೇರೆ, ಚಿಟ್ಟೆ ಕದಲಿದ ಮಸುಕು ಬೇರೆ, ಫೋಕಸ್ ತಪ್ಪಿದ್ದು ಬೇರೆ, ಗಾಜಿಗೆ ಮಂಜು ಕೂತದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಟ್ರೈಪಾಡ್ ಕೊಂಡರೆ ಚಿಟ್ಟೆಯ ರೆಕ್ಕೆ ನಿಲ್ಲುವುದಿಲ್ಲ, ಹೊಸ ಲೆನ್ಸ್ ಕೊಂಡರೆ ಕೈ ನಡುಕ ಹೋಗುವುದಿಲ್ಲ. ಮೊದಲು ಯಾವ ಮಸುಕು ಅಂತ ಹಿಡಿಯಬೇಕು. ಅದನ್ನು ಹಿಡಿಯುವ ಬಗೆಯನ್ನು, ನಾವು ನೋಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೂಲ ಫೈಲ್ ತೆರೆಯಿರಿ

ವಾಟ್ಸಾಪ್‌ನಲ್ಲಿ ಬಂದ ಫೋಟೊ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಅಲ್ಲಿ ಫೋಟೊ ಸಣ್ಣದಾಗುತ್ತದೆ, ಒತ್ತಿ ಹಿಂಡಿದಂತಾಗುತ್ತದೆ, ಶಟರ್ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು) ಎಷ್ಟಿತ್ತು, ಐಎಸ್‌ಒ (ಬೆಳಕು ಹಿಡಿಯುವ ಸೆನ್ಸರಿನ ಸೂಕ್ಷ್ಮತೆ) ಎಷ್ಟಿತ್ತು ಅನ್ನುವ ಮಾಹಿತಿಯೂ ಅಳಿಸಿಹೋಗುತ್ತದೆ. ಯಾರಿಗಾದರೂ ತೋರಿಸಿ ಕೇಳುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ.

ಕಂಪ್ಯೂಟರಿನಲ್ಲಿ ತೆರೆದು ನೂರಕ್ಕೆ ನೂರು ದೊಡ್ಡದು ಮಾಡಿ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಫೋಟೊಗಳೂ ಚೆನ್ನಾಗೇ ಕಾಣುತ್ತವೆ. ಇನ್ನೊಂದು ವಿಷಯ, ಕತ್ತರಿಸುವ ಮೊದಲು ಇಡೀ ಚೌಕಟ್ಟು ನೋಡಿ. ದೂರದ ಹಕ್ಕಿಯನ್ನು ಚೌಕಟ್ಟಿನ ಹತ್ತರಲ್ಲಿ ಒಂದು ಪಾಲಿಗೆ ಕತ್ತರಿಸಿಟ್ಟರೆ ಯಾವ ಲೆನ್ಸಿನ ಫೋಟೊ ಆದರೂ ಪೇಲವವಾಗಿಯೇ ಕಾಣುತ್ತದೆ. ಅದು ದೋಷ ಅಲ್ಲ, ದೂರ ಜಾಸ್ತಿ ಆಯಿತು ಅಷ್ಟೆ.

ಹೊಳೆಯುವ ಚುಕ್ಕೆ ಹುಡುಕಿ

ಇದು ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಅತ್ಯಂತ ನಂಬಬಹುದಾದದ್ದು. ಫೋಟೊದಲ್ಲಿ ಎಲ್ಲಾದರೂ ಒಂದು ಹೊಳಪಿನ ಚುಕ್ಕೆ ಇರುತ್ತದೆ. ಎಲೆಯ ಮೇಲಿನ ಮಳೆಹನಿ, ಹಕ್ಕಿಯ ಕಣ್ಣಿನೊಳಗಿನ ಬೆಳಕು, ಜೇಡರ ಬಲೆಯಲ್ಲಿ ಸಿಕ್ಕ ಇಬ್ಬನಿ. ಅದನ್ನು ದೊಡ್ಡದು ಮಾಡಿ ನೋಡಿ.

ಚುಕ್ಕೆ ಪುಟ್ಟ ಗೀಟಿನಂತೆ ಎಳೆದುಕೊಂಡಿದೆಯೇ? ಚೌಕಟ್ಟಿನ ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಎಳೆದಿವೆಯೇ? ಹಾಗಾದರೆ ಅಲುಗಿದ್ದು ಕ್ಯಾಮೆರಾ. ಹಿಂದಿನ ಎಲೆಯ ಹನಿ ಚೂಪಾಗಿದ್ದು ಚಿಟ್ಟೆ ಮಾತ್ರ ಎಳೆದಂತಿದ್ದರೆ ಕದಲಿದ್ದು ಚಿಟ್ಟೆ. ಚುಕ್ಕೆ ಬಿಲ್ಲೆಯಂತೆ ದುಂಡಗೆ ಹರಡಿದ್ದರೆ ಅಲ್ಲಿ ಫೋಕಸ್ ಇಲ್ಲ. ಆಗ ಹಿಂದೆ ಮುಂದೆ ಹುಡುಕಿ, ಎಲ್ಲೋ ಒಂದು ಹುಲ್ಲುಕಡ್ಡಿ ಚೂಪಾಗಿ ಕೂತಿರುತ್ತದೆ. ಚುಕ್ಕೆಯ ಸುತ್ತ ಮಂಕಾದ ಪ್ರಭೆ ಇದ್ದು, ಇಡೀ ಫೋಟೊ ಹಾಲಿನ ನೀರಿನಲ್ಲಿ ಅದ್ದಿದಂತಿದ್ದರೆ ಗಾಜಿನ ಕಡೆ ಅನುಮಾನ ಪಡಿ. ಅಂಚುಗಳು ಜೋಡಿಯಾಗಿ, ನೆರಳಿನಂತೆ ಎರಡೆರಡು ಕಂಡರೂ ಹಾಗೆಯೇ.

ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತಾ ಇನ್ನೂರನ್ನೂ ಹೀಗೆ ಗುಂಪು ಮಾಡಿದೆವು. ಅರ್ಧಕ್ಕಿಂತ ಜಾಸ್ತಿ ಗೀಟುಗಳು. ಸುಮಾರಷ್ಟು ಬಿಲ್ಲೆಗಳು. ಬೆಳಗಿನ ಮೊದಲ ಹದಿನೈದಿಪ್ಪತ್ತು ಫೋಟೊಗಳಲ್ಲಿ ಹಾಲಿನ ಪ್ರಭೆ. ಅಂದರೆ ಒಂದೇ ದಿನದಲ್ಲಿ ಮೂರು ಬೇರೆ ಬೇರೆ ತೊಂದರೆ, ಅಲ್ವಾ? ಲೆನ್ಸ್ ಪಾಪ ಏನೂ ಮಾಡಿರಲಿಲ್ಲ.

ಗೀಟು: ಕೈ ಅಲುಗಿದ್ದು

ಲೆನ್ಸ್ ಎಷ್ಟು ಎಂಎಂ ಇದೆಯೋ ಶಟರ್ ಸೆಕೆಂಡಿನ ಅಷ್ಟನೇ ಒಂದು ಪಾಲಿಗಿಂತ ವೇಗವಾಗಿರಬೇಕು ಎನ್ನುವ ಹಳೆಯ ಲೆಕ್ಕ ಇದೆ. ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ. 300 ಎಂಎಂ ಲೆನ್ಸ್ ಆಗ 450 ಎಂಎಂನಂತೆ, ಶಟರ್ 1/500 ಬೇಕು. ಅಕ್ಕನ ಫೋಟೊಗಳಲ್ಲಿ 1/80, 1/100 ಇತ್ತು. ಯಾಕೆ ಅಂದರೆ ಐಎಸ್‌ಒ 200ಕ್ಕೆ ಕಟ್ಟಿಹಾಕಿದ್ದರು. ‘ಜಾಸ್ತಿ ಮಾಡಿದರೆ ಕಾಳು ಕಾಳಾಗಿ ಬರುತ್ತದಂತೆ’ ಅಂತ ಯಾರೋ ಹೇಳಿದ್ದರಂತೆ.

ಈ ಹೆದರಿಕೆ ತುಂಬ ಜನರಿಗಿದೆ, ಇದರಿಂದ ಹಾಳಾದಷ್ಟು ಫೋಟೊ ಬೇರೆ ಯಾವುದರಿಂದಲೂ ಹಾಳಾಗಿಲ್ಲ ಎಂದೇ ನನ್ನ ಅನಿಸಿಕೆ. ಅಕ್ಕ ಹೋಗಿದ್ದ ಬೋರಿವಲಿಯ ಕಾಡು, ಅಂದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, 100 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಆಗಸ್ಟ್‌ನಲ್ಲಿ ಕಾನ್ಹೇರಿ ಗುಹೆಯ ದಾರಿಯಲ್ಲಿ ಮರದಡಿ ನಿಂತರೆ ಹಗಲು ಹನ್ನೊಂದಕ್ಕೂ ಮುಸ್ಸಂಜೆಯಂಥ ಬೆಳಕು. ಅಲ್ಲಿ 1/500 ಬೇಕೆಂದರೆ ಐಎಸ್‌ಒ 1600, 3200ಕ್ಕೆ ಏರಲೇಬೇಕು. ಕಾಳುಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹಳಷ್ಟು ತೆಗೆಯಬಹುದು. ಅಲುಗಿದ್ದನ್ನು ಹಾಗೆ ಸರಿಮಾಡಲು ಆಗುವುದಿಲ್ಲ. ಐಎಸ್‌ಒವನ್ನು ಆಟೋದಲ್ಲಿಟ್ಟು, ಶಟರ್ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಕಟ್ಟಿಡುವ ಸೌಲಭ್ಯ ಈಚಿನ ಬಹುತೇಕ ಕ್ಯಾಮೆರಾಗಳಲ್ಲಿದೆ. ಅದನ್ನು ಬಳಸಿ.

ಕೈ ನಡುಕವನ್ನು ಸರಿದೂಗಿಸುವ ಸ್ಟೆಬಿಲೈಸರ್ ಇದ್ದರೆ ಇನ್ನೂ ನಿಧಾನದ ಶಟರ್‌ನಲ್ಲೂ ಗೀಟು ಬರುವುದಿಲ್ಲ, ನಿಜ. ಆದರೆ ಅದು ತಡೆಯುವುದು ನಿಮ್ಮ ಕೈಯನ್ನು ಮಾತ್ರ, ಹಕ್ಕಿಯನ್ನಲ್ಲ. ಟ್ರೈಪಾಡ್ ಮೇಲಿಟ್ಟಾಗ ಹಳೆಯ ಲೆನ್ಸ್‌ಗಳಲ್ಲಿ ಅದನ್ನು ಆಫ್ ಮಾಡಿಡಿ. ಇಲ್ಲದ ನಡುಕವನ್ನು ಹುಡುಕಲು ಹೋಗಿ ಕೆಲವೊಮ್ಮೆ ಅದೇ ಫೋಟೊ ಅಲುಗಿಸುತ್ತದೆ.

ರೆಕ್ಕೆ ಮಾತ್ರ ಮಸುಕು: ನೀಲಿ ಮಾರ್ಮನ್ ಕಲಿಸಿದ್ದು

ಠಾಣೆಯ ಘೋಡ್‌ಬಂದರ್ ರಸ್ತೆಯಿಂದ ಒಳಗೆ ಓವಳೇಕರ್ ವಾಡಿಯಲ್ಲಿ ಚಿಟ್ಟೆ ತೋಟ ಇದೆ. ಭಾನುವಾರ ಬೆಳಿಗ್ಗೆ ನಾವು ಹೆಚ್ಚಾಗಿ ಸೇರುವುದು ಅಲ್ಲೇ. ಬ್ಲೂ ಮಾರ್ಮನ್ ಅಲ್ಲಿಗೆ ಬರುತ್ತದೆ. 2015ರಲ್ಲಿ ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಎಂದು ಘೋಷಣೆಯಾದದ್ದು ಇದೇ. ಅಂಗೈ ಅಗಲದ ಚಿಟ್ಟೆ, ಮಖಮಲ್ಲಿನಂಥ ಕಪ್ಪು, ಅದರ ಮೇಲೆ ತಿಳಿನೀಲಿ ಬಳಿದಂತೆ. ಮೊದಲ ಸಲ ಕಂಡಾಗ ನಾನು ಕ್ಯಾಮೆರಾ ಎತ್ತುವುದನ್ನೇ ಮರೆತಿದ್ದೆ.

ಆಮೇಲೆ ಎಷ್ಟು ಭಾನುವಾರ ತೆಗೆದರೂ ಒಂದೇ ಕಥೆ. ತಲೆ ಚೂಪು, ಹಿಂದಿನ ರೆಕ್ಕೆಯ ಕಪ್ಪು ಚುಕ್ಕೆಗಳೂ ಚೂಪು, ಮುಂದಿನ ಎರಡು ರೆಕ್ಕೆ ಮಾತ್ರ ಹೊಗೆಯಂತೆ. ಶಟರ್ 1/400 ಇತ್ತು. ಪಕ್ಕದಲ್ಲೇ ಕೂತಿದ್ದ ಕಿತ್ತಳೆ ಬಣ್ಣದ ಟೈಗರ್ ಚಿಟ್ಟೆ ಅದೇ 1/400ರಲ್ಲಿ ಮೀಸೆಯ ತುದಿಯವರೆಗೂ ಸ್ಪಷ್ಟ. ಒಂದು ದಿನ ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ಕೂತು ನೋಡಿದೆ. ಆಗ ಗೊತ್ತಾಯಿತು. ಟೈಗರ್ ಚಿಟ್ಟೆ ಹೂವಿನ ಮೇಲೆ ಕೂತರೆ ನಿಜವಾಗಿಯೂ ಕೂತುಬಿಡುತ್ತದೆ. ಮಾರ್ಮನ್ ಮತ್ತು ಅದರ ನೆಂಟರಾದ ಸ್ವಾಲೋಟೇಲ್ ಚಿಟ್ಟೆಗಳು ಹಾಗಲ್ಲ. ಕಾಲನ್ನು ಹೂವಿಗೆ ಸುಮ್ಮನೆ ತಾಗಿಸಿ, ಮೈಭಾರ ಹಾಕದೆ, ಮಕರಂದ ಹೀರುವಷ್ಟು ಹೊತ್ತೂ ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತವೆ. ಹಿಂದಿನ ರೆಕ್ಕೆ ಹೆಚ್ಚುಕಡಿಮೆ ನಿಂತೇ ಇರುತ್ತದೆ. ನನ್ನ ಫೋಟೊದಲ್ಲಿ ಮೂಡಿದ್ದು ಅದೇ, ಚಾಚೂ ತಪ್ಪದೆ.

ಮದ್ದು ಸುಲಭ. ಸ್ವಾಲೋಟೇಲ್ ಹೂವಿನ ಮೇಲಿದ್ದರೆ 1/1600ಕ್ಕಿಂತ ಕೆಳಗೆ ಇಳಿಯಬೇಡಿ. ಇಲ್ಲವಾದರೆ ಅದು ಹಸಿ ಮಣ್ಣಿಗೆ ಇಳಿಯುವವರೆಗೆ ಕಾಯಿರಿ. ಮಣ್ಣಿನ ಉಪ್ಪು ಹೀರಲು ಕೂತ ಗಂಡು ಚಿಟ್ಟೆಗಳು ಎಷ್ಟೋ ಹೊತ್ತು ಅಲ್ಲಿಂದ ಏಳುವುದಿಲ್ಲ.

ಹಕ್ಕಿಗಳಿಗೂ ಇದೇ ಲೆಕ್ಕ. ಕೂತ ಮಡಿವಾಳ ಹಕ್ಕಿಗೆ 1/500 ಸಾಕು, ಆದರೆ ಅದು ಬಾಲ ಎತ್ತಿ ಇಳಿಸುತ್ತಿದ್ದರೆ ಬಾಲ ಮಾತ್ರ ಮಸುಕಾಗುತ್ತದೆ. ಹಾರುವ ಬೆಳ್ಳಕ್ಕಿಗೆ 1/1600, ಮಿಂಚುಳ್ಳಿಗೆ 1/2500 ಆದರೂ ಕಮ್ಮಿಯೇ.

ಹೂವು ಅಲುಗುವುದಿಲ್ಲ ಅಂದುಕೊಳ್ಳಬೇಡಿ. ಹತ್ತಿರದಿಂದ ತೆಗೆಯುವಾಗ ಕಣ್ಣಿಗೇ ಕಾಣದಷ್ಟು ಗಾಳಿಯೂ ಸಾಕಾಗುತ್ತದೆ. ಒಂದು ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹೂವಿನ ದಂಟನ್ನು ಅದಕ್ಕೆ ಮೆಲ್ಲಗೆ ಹಿಡಿಸಿ. ದಂಟು ನಲುಗಬಾರದು, ಆನಿಸಿದರೆ ಸಾಕು.

ಬಿಲ್ಲೆ: ಫೋಕಸ್ ಬೇರೆಲ್ಲೋ ಬಿದ್ದದ್ದು

ಕೊಂಬೆಗಳ ನಡುವೆ ಪಿಕಳಾರ ಕೂತಿದೆ. ನೀವು ಒತ್ತಿದಿರಿ, ಕ್ಯಾಮೆರಾ ಬೀಪ್ ಅಂತು, ನೋಡಿದರೆ ಮುಂದಿನ ಎಲೆ ಸ್ಪಷ್ಟ, ಹಕ್ಕಿ ಬಣ್ಣದ ಮುದ್ದೆ. ಎಲ್ಲ ಫೋಕಸ್ ಬಿಂದುಗಳನ್ನೂ ತೆರೆದಿಟ್ಟರೆ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರದ್ದನ್ನೇ ಹಿಡಿಯುತ್ತದೆ. ನಿಮಗೆ ಬೇಕಾದದ್ದು ಹಕ್ಕಿ ಅಂತ ಅದಕ್ಕೆ ಹೇಳಿದವರು ಯಾರು? ನಡುವಿನ ಒಂದೇ ಬಿಂದು ಆರಿಸಿಕೊಳ್ಳಿ, ಅದನ್ನು ಹಕ್ಕಿಯ ಕಣ್ಣಿನ ಮೇಲಿಡಿ. ಹೊಸ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸುತ್ತವೆ, ಆದರೂ ಎಲೆ ದಟ್ಟವಾಗಿದ್ದಲ್ಲಿ ಎಡವುತ್ತವೆ. ಅಲ್ಲಿಗೆ ಹಳೆಯ ಒಂದು ಬಿಂದುವೇ ಗಟ್ಟಿ.

ಎರಡನೆಯ ಕಾರಣ ಇನ್ನೂ ಸಣ್ಣದು, ಆದರೆ ತುಂಬ ಸಲ ಸಿಗುತ್ತದೆ. ಫೋಕಸ್ ಹಿಡಿದ ಮೇಲೆ ಚಿಟ್ಟೆಗೆ ಇನ್ನಷ್ಟು ಹತ್ತಿರ ಬಾಗಿ ಒತ್ತುತ್ತೇವೆ. ಅಷ್ಟರಲ್ಲಿ ದೂರ ಬದಲಾಯಿತಲ್ಲ! ಫೋಟೊದಲ್ಲಿ ಚಿಟ್ಟೆಯ ಹಿಂದಿನ ಎಲೆ ಚೂಪಾಗಿದ್ದರೆ ಇದೇ ಅಂತ ತಿಳಿಯಿರಿ. ಫೋಕಸನ್ನು ಕದಲುವ ವಸ್ತುವಿನ ಜತೆ ಸಾಗುವ ಕ್ರಮದಲ್ಲಿಡಿ, ಕೆಲವು ಕಂಪನಿಗಳು ಅದನ್ನು ಎಎಫ್‌-ಸಿ ಎನ್ನುತ್ತವೆ, ಕೆಲವು ಸರ್ವೊ ಎನ್ನುತ್ತವೆ. ಮೂರು ನಾಲ್ಕು ಫೋಟೊ ಒಟ್ಟಿಗೆ ಹೊಡೆಯಿರಿ. ಒಂದಾದರೂ ಸರಿಯಾದ ಜಾಗಕ್ಕೆ ಬೀಳುತ್ತದೆ.

ಮೂರನೆಯದು, ಲೆನ್ಸ್ ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರ ಲೆನ್ಸಿನ ಮೇಲೆಯೇ ಬರೆದಿರುತ್ತದೆ. ಹಲವು 70-300 ಲೆನ್ಸ್‌ಗಳಿಗೆ ಅದು ಒಂದು ಮೀಟರಿಗೂ ಜಾಸ್ತಿ. ಅದಕ್ಕಿಂತ ಹತ್ತಿರ ಹೋದರೆ ಲೆನ್ಸ್ ಹಿಂದೆ ಮುಂದೆ ಗುಂಯ್‌ಗುಡುತ್ತಾ ತಡಕಾಡುತ್ತದೆ. ಒಂದು ಹೆಜ್ಜೆ ಹಿಂದೆ ಬಂದರೆ ಸರಿಹೋಯಿತು.

ಇಲ್ಲಿ ಲಂಟಾನದ ಒಂದು ಮಾತು ಹೇಳಲೇಬೇಕು. ಆ ಪೊದೆಯ ಹೂಗೊಂಚಲಲ್ಲಿ ನಡುವೆ ಹಳದಿ, ಸುತ್ತ ಗುಲಾಬಿ ಅಥವಾ ಕೆಂಪು ಇರುತ್ತದೆ. ಹೊಸದಾಗಿ ಅರಳಿದ್ದು ಹಳದಿ, ದಿನ ಕಳೆದದ್ದು ಕೆಂಪು. ಮಕರಂದ ಇರುವುದು ಹಳದಿಯಲ್ಲಿ, ಚಿಟ್ಟೆಗಳಿಗೂ ಅದು ಗೊತ್ತು. ಹಾಗಾಗಿ ಚಿಟ್ಟೆಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಹಳದಿ ಜಾಸ್ತಿ ಇರುವ ಒಂದು ಗೊಂಚಲಿಗೆ ಮೊದಲೇ ಫೋಕಸ್ ಇಟ್ಟು ಕಾಯಿರಿ. ಬಂದು ಕೂತ ಚಿಟ್ಟೆ ಒಂದೊಂದೇ ಹಳದಿ ಹೂವಿನ ಬಾಯಿಗೆ ನಳಿಕೆ ಇಳಿಸಿ, ಎತ್ತಿ, ಮತ್ತೊಂದಕ್ಕೆ ಇಳಿಸುವುದನ್ನು ಹತ್ತಿರದಿಂದ ನೋಡಿದರೆ ನಮ್ಮ ಅಜ್ಜಿಯಂದಿರು ಹೂಮಾಲೆಗೆ ಸೂಜಿ ಹಾಕಿದ ಹಾಗೆ ಇರುತ್ತದೆ. ಲಂಟಾನ ನಮ್ಮ ಕಾಡುಗಳಿಗೆ ಹೊರಗಿನಿಂದ ಬಂದ ಕಳೆ, ಅದನ್ನು ಬೆಳೆಸಿ ಅಂತ ನಾನು ಹೇಳುವುದಿಲ್ಲ. ಇದ್ದಲ್ಲಿ ಕಾಯಬಹುದು ಅಷ್ಟೆ.

ಕಣ್ಣು ಸ್ಪಷ್ಟ, ರೆಕ್ಕೆಯ ತುದಿ ಮಸುಕು

ಇದು ಫೋಕಸ್ ತಪ್ಪಿದ್ದಲ್ಲ, ಸ್ಪಷ್ಟವಾಗಿ ಮೂಡುವ ಪದರ ತೆಳುವಾಗಿದ್ದು. ಮ್ಯಾಕ್ರೋ ಲೆನ್ಸಿನಿಂದ ಹುಳುವನ್ನು ಸೆನ್ಸರಿನ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡಿಸುವಷ್ಟು ಹತ್ತಿರ ಹೋದರೆ, ಎಫ್/8ರಲ್ಲೂ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಸಣ್ಣದು) ಆ ಪದರದ ದಪ್ಪ ಸುಮಾರು 1 ಮಿಲಿಮೀಟರ್ ಮಾತ್ರ. ಉಗುರಿನಷ್ಟಿರುವ ಗ್ರಾಸ್ ಬ್ಲೂ ಚಿಟ್ಟೆಯ ಒಂದು ಮೀಸೆ ಅದರೊಳಗಿದ್ದರೆ ಇನ್ನೊಂದು ಹೊರಗೆ.

ಎಫ್ ಸಂಖ್ಯೆಯನ್ನು 22ಕ್ಕೆ ಏರಿಸಿಬಿಟ್ಟರೆ ಆಯ್ತಲ್ಲ ಅನ್ನುತ್ತೀರಿ. ಆಗಲ್ಲ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಅಂಚಿಗೆ ತಾಗಿ ಹರಡಿ ಇಡೀ ಫೋಟೊ ಮೆತ್ತಗಾಗುತ್ತದೆ. ಶಟರೂ ನಿಧಾನವಾಗುತ್ತದೆ. ಎಫ್/8ರಿಂದ ಎಫ್/11ರ ಒಳಗಿದ್ದು, ನೀವು ನಿಂತ ಜಾಗ ಬದಲಿಸಿ. ರೆಕ್ಕೆ ಮುಚ್ಚಿ ಕೂತ ಚಿಟ್ಟೆ ಒಂದು ಕಾಗದದ ಹಾಳೆಯಂತೆ. ನಿಮ್ಮ ಸೆನ್ಸರೂ ಒಂದು ಹಾಳೆ. ಎರಡೂ ಒಂದಕ್ಕೊಂದು ನೇರ ಎದುರಾದರೆ ಕಣ್ಣು, ಮೀಸೆಯ ಬುಡ, ರೆಕ್ಕೆಯ ತುದಿ ಎಲ್ಲ ಒಂದೇ ಪದರಕ್ಕೆ ಬರುತ್ತವೆ. ಅದಕ್ಕಾಗಿ ಮೊಣಕಾಲೂರಿ ಮಣ್ಣಾಗಬೇಕಾದೀತು. ಒಂದು ಹಳೆಯ ಗೋಣಿಚೀಲ ಇಟ್ಟುಕೊಳ್ಳಿ.

ಇಡೀ ಚೌಕಟ್ಟು ಮಂಕು: ಗಾಜಿನ ತೊಂದರೆಗಳು

ಅಕ್ಕನ ಬೆಳಗಿನ ಫೋಟೊಗಳ ಹಾಲಿನ ಪ್ರಭೆಗೆ ಕಾರಣ ಕೇಳಿದರೆ ನಿಮಗೂ ಹೌದೆನಿಸುತ್ತದೆ. ಎ.ಸಿ. ಲೋಕಲ್‌ನಿಂದ ಬೋರಿವಲಿಯಲ್ಲಿ ಇಳಿದಿದ್ದರು. ತಣ್ಣಗಾಗಿದ್ದ ಲೆನ್ಸ್ ಸೆಪ್ಟೆಂಬರಿನ ಆ ಬೆವರು ಹರಿಯುವ ಗಾಳಿಗೆ ಬಂದ ತಕ್ಷಣ ಮಂಜು ಹಿಡಿಯಿತು. ಎದುರಿನ ಗಾಜನ್ನು ಸೆರಗಿನಲ್ಲಿ ಒರೆಸಿದರು, ಹಿಂದಿನ ಗಾಜಿನ ಮಂಜು ಅಲ್ಲೇ ಉಳಿಯಿತು. ಮನೆಯಲ್ಲಿ ಎ.ಸಿ. ಕೋಣೆಯಲ್ಲಿ ಕ್ಯಾಮೆರಾ ಇಡುವವರಿಗೂ ಇದೇ ಪಾಡು. ಇಳಿದ ಮೇಲೆ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ, ಜಿಪ್ ತೆರೆಯಬೇಡಿ. ಮೆಲ್ಲಗೆ ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಅಷ್ಟರಲ್ಲಿ ಒಂದು ವಡಾಪಾವ್ ತಿನ್ನಬಹುದು.

ಬೂಷ್ಟು ಇನ್ನೊಂದು. ಮುಂಬಯಿಯ ಮಳೆಗಾಲದಲ್ಲಿ ಬಟ್ಟೆಯ ಕಪಾಟಿನಲ್ಲಿ, ಚರ್ಮದ ಚೀಲದಲ್ಲಿ ಇಟ್ಟ ಲೆನ್ಸ್‌ಗೆ ಅದು ಬರದಿದ್ದರೆ ಅದೃಷ್ಟ. ಎರಡೂ ಮುಚ್ಚಳ ತೆಗೆದು, ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೊದಲ್ಲಿ ಗೊತ್ತಾಗುವುದಿಲ್ಲ, ಆದರೆ ಬೆಳೆಯುತ್ತದೆ, ಬೇಗ ಸ್ವಚ್ಛ ಮಾಡಿಸಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜತೆಗೊಂದು ಪುಟ್ಟ ತೇವಮಾಪಕ ಇದ್ದರೆ ಸಾಕು. ತೇವ ನೂರಕ್ಕೆ 40ರಿಂದ 50ರ ಒಳಗಿರಲಿ. ಜೆಲ್ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಗಾಜು ಸ್ವಚ್ಛ ಇದ್ದೂ 300 ಎಂಎಂನಲ್ಲಿ ಮಾತ್ರ ಮಸುಕು ಬಂದರೆ? ನನಗೇ ಆಗಿತ್ತು. ಮುಂಬಯಿಯ ಕೋಟೆ (ಫೋರ್ಟ್) ಭಾಗದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಎರಡು ನಿಮಿಷ ತಿರುಗಿಸಿ ನೋಡಿ, ಒಳಗಿನ ಗಾಜು ಜರುಗಿದೆ, ಹೊಸತು ತಗೊಳ್ಳುವುದೇ ಒಳ್ಳೆಯದು ಅಂದರು. ಹೊಟ್ಟೆ ಚುರ್ ಅಂತು, ಮೂರು ವರ್ಷ ಜತೆಗಿದ್ದ ಲೆನ್ಸ್ ಅದು. ಮನೆಗೆ ಬಂದು ಗೋಡೆಯ ಪರೀಕ್ಷೆ ಮಾಡಿದೆ. ನೀವೂ ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ, ಅರ್ಧ ಗಂಟೆಯ ಕೆಲಸ.

‘ಕರ್ನಾಟಕ ಮಲ್ಲ’ ಪತ್ರಿಕೆಯ ಒಂದು ಪೂರ್ತಿ ಪುಟವನ್ನು ಬೆಳಕಿರುವ ಗೋಡೆಗೆ ಅಂಟಿಸಿ. ಸಣ್ಣ ಅಕ್ಷರ ಜಾಸ್ತಿ ಇರುವ ಪುಟ ಒಳ್ಳೆಯದು. ಐದಾರು ಮೀಟರ್ ದೂರದಲ್ಲಿ, ಗೋಡೆಗೆ ನೇರವಾಗಿ, ಕ್ಯಾಮೆರಾವನ್ನು ಟ್ರೈಪಾಡ್ ಇಲ್ಲವೇ ಮೇಜಿನ ಮೇಲಿಡಿ. ಸ್ಟೆಬಿಲೈಸರ್ ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಹಾಕಿ. ಮೊದಲು ಲೆನ್ಸಿನ ಮುಂದಿನ ಫಿಲ್ಟರ್ ಇದ್ದ ಹಾಗೇ ಒಂದು ಫೋಟೊ. ಫಿಲ್ಟರ್ ತಿರುಗಿಸಿ ತೆಗೆದು ಇನ್ನೊಂದು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ (ವ್ಯೂಫೈಂಡರ್) ನೋಡಿ ಫೋಕಸ್ ಮಾಡಿ ಒಂದು, ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಇನ್ನೊಂದು. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಒತ್ತಕ್ಷರಗಳನ್ನು ಓದಿ.

ನನ್ನದರಲ್ಲಿ ಫಿಲ್ಟರ್ ಇದ್ದ ಫೋಟೊದಲ್ಲಿ ‘ಕ್ಷ’ಗೂ ‘ಕ್ಕ’ಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಫಿಲ್ಟರ್ ತೆಗೆದ ಫೋಟೊದಲ್ಲಿ ಅಕ್ಷರದ ಅಂಚಿನ ಶಾಯಿ ಕಾಗದದಲ್ಲಿ ಹೀರಿದ್ದೂ ಕಾಣುತ್ತಿತ್ತು. ಲೆನ್ಸನ್ನು ಗೀರಿನಿಂದ ಕಾಪಾಡಲು ಬೀದಿ ಬದಿಯಲ್ಲಿ ಕೊಂಡ ಅಗ್ಗದ ಯುವಿ ಫಿಲ್ಟರ್ ಅದು. 70 ಎಂಎಂನಲ್ಲಿ ಅದರ ದೋಷ ಕಾಣುತ್ತಿರಲಿಲ್ಲ, 300ಕ್ಕೆ ಹಿಗ್ಗಿಸಿದಾಗ ಗಾಜಿನ ಸಣ್ಣ ಏರುಪೇರೂ ಹಿಗ್ಗಿತು. ಅದನ್ನು ತೆಗೆದಿಟ್ಟೆ, ಲೆನ್ಸ್ ಇವತ್ತಿಗೂ ನನ್ನ ಹತ್ತಿರವೇ ಇದೆ.

ನಿಮ್ಮದರಲ್ಲಿ ಲೈವ್ ವ್ಯೂ ಫೋಟೊ ಚೂಪಾಗಿದ್ದು ಕಿಂಡಿಯದು ಮಸುಕಾಗಿದ್ದರೆ, ಕ್ಯಾಮೆರಾ ಲೆನ್ಸ್ ಎರಡರ ಫೋಕಸ್ ಹೊಂದಿಕೆ ತಪ್ಪಿದೆ ಅಂತ ಅರ್ಥ. ಕೆಲವು ಡಿಎಸ್‌ಎಲ್‌ಆರ್‌ಗಳ ಮೆನುವಿನಲ್ಲೇ ಅದನ್ನು ಸರಿಪಡಿಸಬಹುದು, ಇಲ್ಲದಿದ್ದರೆ ಸರ್ವಿಸಿಗೆ ಕೊಡಬೇಕು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ. ಪುಟದ ಒಂದು ಬದಿ ಚೂಪು, ಇನ್ನೊಂದು ಬದಿ ಯಾವಾಗಲೂ ಮಸುಕು ಅಂದರೆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಓರೆಯಾಗಿರಬಹುದು. ಅದಕ್ಕೆ ನಿಜವಾಗಿಯೂ ಅಂಗಡಿ ಬೇಕು. ನಾಲ್ಕೂ ಚೂಪಾಗಿದ್ದರೆ ಉಪಕರಣ ಸರಿ ಇದೆ, ಮೇಲಿನ ಭಾಗಗಳಿಗೆ ವಾಪಸ್ ಹೋಗಿ.

ಗಾಜಿನದ್ದೂ ಅಲ್ಲ, ಕೈಯದ್ದೂ ಅಲ್ಲ ಅನ್ನುವ ಒಂದು ಮಸುಕಿದೆ. ನವಿ ಮುಂಬಯಿಯ ಐರೋಳಿಯಿಂದ ಉಬ್ಬರ ನೋಡಿಕೊಂಡು ದೋಣಿಯಲ್ಲಿ ಠಾಣೆ ಖಾರಿಯ (ಕ್ರೀಕ್) ರಾಜಹಂಸಗಳನ್ನು (ಫ್ಲೆಮಿಂಗೊ) ನೋಡಲು ಹೋಗುತ್ತಾರಲ್ಲ, ಅಲ್ಲಿ ಏಪ್ರಿಲ್ ಬಿಸಿಲಿಗೆ ಕೆಸರಿನಿಂದ ಏಳುವ ಝಳ ಹಕ್ಕಿಗಳ ಕಾಲನ್ನು ನೀರಿನಲ್ಲಿ ನೋಡಿದಂತೆ ಡೊಂಕು ಮಾಡುತ್ತದೆ. ದೂರದಲ್ಲಿ ಸಾವಿರ ಹಕ್ಕಿ ಇದ್ದರೂ ಒಂದೂ ಚೂಪಾಗಿ ಬರುವುದಿಲ್ಲ. ಇದಕ್ಕೆ ಯಾವ ಲೆನ್ಸೂ ಮದ್ದಲ್ಲ. ಬೆಳಗಿನ ಮೊದಲ ದೋಣಿ ಹಿಡಿಯಿರಿ. ದೋಣಿಯ ಅಂಚಿಗೆ ಕ್ಯಾಮೆರಾ ಆನಿಸಬೇಡಿ, ಇಂಜಿನ್ನಿನ ನಡುಕ ನೇರ ಲೆನ್ಸಿಗೆ ಬರುತ್ತದೆ. ಮೊಣಕೈ ಮೈಗೆ ಒತ್ತಿ ಹಿಡಿಯಿರಿ.

ಚೂಪಾಗಿದೆ, ಆದರೆ ಬಣ್ಣ ಸತ್ತಿದೆ

ಬಗೆಬಗೆ ಬಣ್ಣದ ಹೂವುಗಳಲ್ಲಿ ಈ ದೂರು ಬಹಳ. ಮಳೆಗಾಲದಲ್ಲಿ ನಮ್ಮ ಸಹ್ಯಾದ್ರಿಯ ಬೇಲಿಗಳಲ್ಲಿ ಅಗ್ನಿಶಿಖೆ ಅರಳುತ್ತದೆ, ಇಲ್ಲಿಯವರು ಕಳಲಾವಿ ಎನ್ನುತ್ತಾರೆ. ಅಲೆ ಅಲೆಯಾದ ಎಸಳು, ಬುಡದಲ್ಲಿ ಹಳದಿ, ತುದಿಯಲ್ಲಿ ಬೆಂಕಿ ಕೆಂಪು. ಫೋಟೊದಲ್ಲಿ ನೋಡಿದರೆ ಕೆಂಪು ಭಾಗ ಬಣ್ಣದ ಡಬ್ಬಿ ಚೆಲ್ಲಿದಂತೆ ಒಂದೇ ಮುದ್ದೆ, ಎಸಳಿನ ನರ ಇಲ್ಲ, ಅಲೆ ಇಲ್ಲ. ಫೋಕಸ್ ತಪ್ಪಿದೆ ಅಂತ ಹತ್ತು ಸಲ ತೆಗೆಯುತ್ತೇವೆ, ಹತ್ತೂ ಹಾಗೇ.

ಕ್ಯಾಮೆರಾದ ಹಿಸ್ಟೋಗ್ರಾಮ್ (ಎಡದಲ್ಲಿ ಕತ್ತಲು, ಬಲದಲ್ಲಿ ಬೆಳಕು ತೋರಿಸುವ ನಕ್ಷೆ) ತೆರೆದು ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ನೋಡಿ. ಒಟ್ಟು ಬೆಳಕು ತೋರಿಸುವ ಬಿಳಿಯದು ಸರಿಯಾಗೇ ಇರುತ್ತದೆ, ಕೆಂಪು ಮಾತ್ರ ಬಲಗೋಡೆಗೆ ಒತ್ತಿಕೊಂಡಿರುತ್ತದೆ. ಸುತ್ತಲಿನ ಗಾಢ ಹಸಿರನ್ನು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿತು, ಕೆಂಪು ತುಂಬಿ ತುಳುಕಿತು. ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲು) ತೆಗೆಯಿರಿ, ಬಣ್ಣ ಗಾಢ ಮಾಡುವ ‘ವಿವಿಡ್’ ಬೇಡ. ದಾಸವಾಳ, ಮುತ್ತುಗ, ಬೂರುಗಕ್ಕೂ ಇದೇ. ಅಂದ ಹಾಗೆ ಅಗ್ನಿಶಿಖೆ ಬೇರಿನಿಂದ ತುದಿಯವರೆಗೂ ವಿಷ, ಮಕ್ಕಳು ಜತೆಗಿದ್ದರೆ ಮುಟ್ಟಲು ಬಿಡಬೇಡಿ.

8 ವರ್ಷಕ್ಕೊಮ್ಮೆ ಅರಳುವ ಕಾರ್ವಿ ಪೊದೆಯ ಹೂವಿನ ನೇರಳೆ ಫೋಟೊದಲ್ಲಿ ನೀಲಿಯಾಗಿ ಬಿಡುತ್ತದೆ. ಮರದಡಿ ತೆಗೆದ ಬಿಳಿ ಚಿಟ್ಟೆಗೆ ಹಸಿರು ಬಳಿದುಕೊಳ್ಳುತ್ತದೆ, ಎಲೆಗಳಿಂದ ಸೋಸಿ ಬಂದ ಬೆಳಕೇ ಹಸಿರು. ಎರಡಕ್ಕೂ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಿಕೆ) ಆಟೋದಿಂದ ತೆಗೆದು, ಅಲ್ಲೇ ಒಂದು ಬಿಳಿ ಕಾಗದ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಅದನ್ನು ನೋಡಿ ಬಣ್ಣ ಸರಿಮಾಡಬಹುದು.

ಗಾಢ ಹಿನ್ನೆಲೆಯಲ್ಲಿ ಬೆಳ್ಳಕ್ಕಿ ಸುಣ್ಣದ ಗೋಡೆಯಂತಾದರೆ ಒಂದು ಸ್ಟಾಪ್ ಇಳಿಸಿ. ಆಕಾಶಕ್ಕೆ ಎದುರಾಗಿ ಕೂತ ಕಾಜಾಣ ಬರೀ ನೆರಳಾದರೆ ಒಂದು ಏರಿಸಿ.

ಸೂರಕ್ಕಿಯದು ಬೇರೆಯೇ ಕಥೆ. ‘ಕಣ್ಣಿಗೆ ನೇರಳೆ ಹಸಿರು ಮಿಂಚಿತು, ಫೋಟೊದಲ್ಲಿ ಬರೀ ಕಪ್ಪು’ ಅಂತ ಎಷ್ಟೋ ಜನ ಕ್ಯಾಮೆರಾವನ್ನು ಬೈಯುತ್ತಾರೆ. ಆ ಮಿಂಚು ಗರಿಯೊಳಗೆ ಬಳಿದ ಬಣ್ಣವಲ್ಲ. ಗರಿಯ ಅತಿಸಣ್ಣ ಪದರಗಳಿಗೆ ಬೆಳಕು ತಾಗಿ ಒಂದು ಕೋನದಲ್ಲಿ ಮಾತ್ರ ಹೊಮ್ಮುವಂಥದ್ದು. ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತು, ಅದು ಕತ್ತು ತಿರುಗಿಸುವವರೆಗೆ ಬಿಡದೆ ಒತ್ತುತ್ತಿರಿ.

ಫೋನಿನಲ್ಲಿ

ಎರಡು ಬೆರಳಲ್ಲಿ ಹಿಗ್ಗಿಸಿ ತೆಗೆಯಬೇಡಿ, ಫೋನಿಗೆ ದೂರದ ಲೆನ್ಸ್ ಇದ್ದರೆ ಅದಕ್ಕೆ ನಿಲ್ಲಿಸಿ. ಹೂವಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಕಟ್ಟಿಕೊಳ್ಳುತ್ತದೆ. ಹತ್ತಿರ ಹೋದಾಗ ದೃಶ್ಯ ಪಕ್ಕನೆ ಜಿಗಿದಂತಾದರೆ ಫೋನ್ ತಾನಾಗಿ ಅಗಲ ಲೆನ್ಸಿಗೆ ಬದಲಾಗಿದೆ. ಮತ್ತು ಲೆನ್ಸನ್ನು ಒರೆಸಿ. ಜೇಬಿನಿಂದ ತೆಗೆದ ಫೋನಿನ ಮಂಕು ಹೆಚ್ಚಿನ ಸಲ ಬೆರಳಿನ ಜಿಡ್ಡು.

ಚಿಟ್ಟೆ ಕೂರುವುದೇ ಇಲ್ಲ

ಕೊನೆಯ ದೂರು ಇದು, ಫೋಟೊವೇ ಇಲ್ಲ. ಇದಕ್ಕೆ ಕೆಲವರು ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಹೂವಿನ ಮೇಲೆ ಕೂರಿಸುತ್ತಾರೆ. ಹಕ್ಕಿಯ ದನಿ ಫೋನಿನಲ್ಲಿ ಹಾಕಿ ಕರೆಯುತ್ತಾರೆ, ಗೂಡಿನ ಮುಂದಿನ ಎಲೆ ಕತ್ತರಿಸುತ್ತಾರೆ. ದಯವಿಟ್ಟು ಬೇಡ. ಎಲೆ ಹೋದ ಗೂಡು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ, ನಮ್ಮ ಒಂದು ಫೋಟೊಗೆ ಮರಿಗಳು ಬೆಲೆ ಕೊಡಬೇಕಾಗುತ್ತದೆ. ಗೂಡು ಕಂಡರೆ ಹಿಂದೆ ಸರಿಯಿರಿ, ಯಾರಿಗೂ ಜಾಗ ಹೇಳಬೇಡಿ.

ಚಿಟ್ಟೆ ಕೂರದಿರಲು ಕಾರಣ ಹೆಚ್ಚಾಗಿ ನೀವು ಹೋದ ಹೊತ್ತು. ಅದರ ಮೈಗೆ ತನ್ನದೇ ಬಿಸಿ ಸಾಲುವುದಿಲ್ಲ. ಹನ್ನೊಂದರ ಬಿಸಿಲಲ್ಲಿ ಅದು ಕಾದು ಚುರುಕಾಗಿರುತ್ತದೆ, ನಿಮ್ಮ ನೆರಳು ಬಿದ್ದರೆ ಸಾಕು ಎದ್ದು ಹೋಗುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರ್ ಇಲ್ಲವೇ ನವೆಂಬರಿನಲ್ಲಿ, ಬೆಳಿಗ್ಗೆ ಏಳೂವರೆಗೆ ತೋಟದಲ್ಲಿರಿ. ಮೊದಲ ಬಿಸಿಲು ಬೀಳುವ ಎಲೆ ಯಾವುದು ಅಂತ ನೋಡಿಟ್ಟುಕೊಳ್ಳಿ. ಸೂರ್ಯನಿಗೆ ಅಡ್ಡ ಬರದಂತೆ ಪಕ್ಕಕ್ಕೆ ಕೂತು ಫೋಕಸನ್ನು ಆ ಎಲೆಗೆ ಇಟ್ಟಿರಿ. ರಾತ್ರಿಯ ಚಳಿಗೆ ಮುದುಡಿದ್ದ ಚಿಟ್ಟೆ ಎಲೆಯ ಅಡಿಯಿಂದ ನಡೆದು ಮೇಲೆ ಬರುತ್ತದೆ. ಮೊದಲು ರೆಕ್ಕೆ ಅರ್ಧ ತೆರೆಯುತ್ತದೆ, ಒಂದು ಸಲ ಮುಚ್ಚುತ್ತದೆ. ಆಮೇಲೆ ಪೂರ್ತಿ ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು, ಎರಡು ಮೂರು ನಿಮಿಷ ಅಲ್ಲಾಡದೆ ಕೂರುತ್ತದೆ. ಅಷ್ಟು ಹೊತ್ತು ನಿಮ್ಮದು.